ಗೋಡೆ ದಪ್ಪವಾದರೆ ಹೃದಯ ಗಟ್ಟಿಯಾದ ಹಾಗಲ್ಲ

ಪ್ರಶ್ನೆ: ನಮ್ಮ ಮನೆಯವರಿಗೆ 52 ವರ್ಷ. ಸಾಗರದ ಹತ್ತಿರ ಅಡಿಕೆ ತೋಟವಿದೆ. ಹೋದ ವರ್ಷ ಕಣ್ಣಿನ ಶಿಬಿರಕ್ಕೆ ಹೋದಾಗ ಬಿ.ಪಿ. 168/104 ಇದೆ ಎಂದು ಗೊತ್ತಾಯಿತು. ಮಾತ್ರೆ ಶುರುಮಾಡಿ ಎರಡು ತಿಂಗಳಿಗೆ 128/82ಕ್ಕೆ ಬಂತು. “ಸರಿಹೋಯ್ತಲ್ಲ, ಇನ್ಯಾಕೆ” ಎಂದು ನಿಲ್ಲಿಸಿಬಿಟ್ಟರು. ಮೊನ್ನೆ ಎಕೋ ಮಾಡಿಸಿದಾಗ ಹೃದಯದ ಗೋಡೆ 13 ಮಿಲಿಮೀಟರ್ ದಪ್ಪವಾಗಿದೆ, ಪಂಪಿಂಗ್ 60 ಪರ್ಸೆಂಟ್ ಇದೆ ಎಂದರು. ಬರೀ 60 ಎಂದು ಕೇಳಿ ನನಗೆ ಎದೆ ಧಸಕ್ಕೆಂದಿತು. ಇವರು ಮಾತ್ರ “ಗೋಡೆ ದಪ್ಪ ಇದ್ರೆ ಗಟ್ಟಿ ಅಂತಲ್ವಾ” ಎನ್ನುತ್ತಾರೆ. ನೋವಿಲ್ಲ, ತಲೆಸುತ್ತಿಲ್ಲ. ಒಮ್ಮೆ ಮಾತ್ರೆ ಹಿಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲವಲ್ಲ ಎಂಬ ಹಿಂಜರಿಕೆ ಬೇರೆ. ಪರಿಚಯದವರೊಬ್ಬರು ಸರ್ಪಗಂಧದ ಬೇರು ತಂದುಕೊಟ್ಟಿದ್ದಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಭಯದ ಮಾತು. 60 ಪರ್ಸೆಂಟ್ ಎಂದರೆ 40 ಕಳೆದುಹೋಗಿದೆ ಎಂದಲ್ಲ. ಹೃದಯ ಯಾವತ್ತೂ ತನ್ನೊಳಗಿನ ರಕ್ತವನ್ನೆಲ್ಲ ಖಾಲಿ ಮಾಡುವುದಿಲ್ಲ. ಒಂದು ಬಡಿತಕ್ಕೆ ತುಂಬಿಕೊಂಡದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊರಗೆ ತಳ್ಳುತ್ತದೆ. ನನಗೂ ಹತ್ತಿರಹತ್ತಿರ ಅಷ್ಟೇ ಇರುತ್ತದೆ. ಆ ಅಂಕಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ನಾವು ಗಮನ ಕೊಡಬೇಕಾದದ್ದು ನಿಮ್ಮ ಯಜಮಾನರು ಸಮಾಧಾನ ಪಟ್ಟುಕೊಂಡಿರುವ ಆ 13ಕ್ಕೆ. ಅದು ಸಾಮಾನ್ಯವಾಗಿ 10-11ರ ಒಳಗಿರಬೇಕು.

ಇದನ್ನು ಅವರ ತೋಟದ ಪಂಪ್‌ಸೆಟ್ ತೋರಿಸಿಯೇ ಹೇಳಿ. ಪೈಪಿನ ವಾಲ್ವ್ ಅರ್ಧ ಮುಚ್ಚಿ ಮೋಟಾರು ಓಡಿಸಿದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ರಕ್ತನಾಳಗಳು ಬಿಗಿದುಕೊಂಡಾಗ ಮೈಗೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯದೂ ಅದೇ ಪಾಡು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ, ಪ್ರತಿ ಸಲವೂ ಹೆಚ್ಚಿನ ಒತ್ತಡದ ಎದುರು ರಕ್ತ ನೂಕಬೇಕು. ಮೋಟಾರಾದರೆ ಸುಟ್ಟು ವಾಸನೆ ಬಂದು ತಿಳಿಸುತ್ತದೆ. ಹೃದಯ ಹಾಗೆ ಮಾಡುವುದಿಲ್ಲ. ಕೆಲಸಕ್ಕೆ ತಕ್ಕಂತೆ ತನ್ನ ಮಾಂಸವನ್ನೇ ಬೆಳೆಸಿಕೊಂಡು ಸುಮ್ಮನೆ ದುಡಿಯುತ್ತದೆ. ನೋವಿಲ್ಲದಿರುವುದು ಇದೇ ಕಾರಣಕ್ಕೆ.

ಗರಡಿಯಲ್ಲಿ ಬೆಳೆಸಿದ ತೋಳಿನ ಹಾಗಲ್ಲವೇ ಎಂದು ಅವರು ಕೇಳಬಹುದು. ಅಲ್ಲ. ಹೀಗೆ ದಪ್ಪವಾಗುವ ಹೃದಯದಲ್ಲಿ ಮಾಂಸದ ಎಳೆಗಳ ನಡುವೆ ಗಟ್ಟಿ ನಾರೂ ಬೆಳೆಯುತ್ತದೆ. ಗೋಡೆ ಪೆಡಸಾಗುತ್ತದೆ. ಹಿಂಡುವುದು ಚೆನ್ನಾಗಿಯೇ ನಡೆಯುತ್ತದೆ, ಅದಕ್ಕೇ ರಿಪೋರ್ಟಿನಲ್ಲಿ 60 ಬಂತು. ಕಷ್ಟ ಇರುವುದು ಹಿಂಡಿದ ಮೇಲೆ ಸಡಿಲವಾಗುವುದರಲ್ಲಿ. ಸಡಿಲವಾಗದ ಕೋಣೆಗೆ ರಕ್ತ ಸಲೀಸಾಗಿ ತುಂಬದೆ ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಒತ್ತುತ್ತದೆ. ಆಗ ಗುಡ್ಡ ಹತ್ತುವಾಗ ಏದುಸಿರು ಶುರು. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ: ಹೃದಯ ತನ್ನ ಪಾಲಿನ ರಕ್ತವನ್ನು ಹೆಚ್ಚಾಗಿ ಪಡೆಯುವುದು ತಾನು ಸಡಿಲವಾದ ಆ ಅರೆಕ್ಷಣದಲ್ಲಿ. ದಪ್ಪವಾದ ಗೋಡೆಗೆ ಹೆಚ್ಚು ರಕ್ತ ಬೇಕು, ಸಿಗುವುದು ಕಡಿಮೆ. ಅದೇ ಒತ್ತಡ ಹೃದಯದ ರಕ್ತನಾಳಗಳ ಒಳಪದರವನ್ನೂ ಕೆಡಿಸಿ ಕೊಬ್ಬು ಕೂರಲು ಜಾಗ ಮಾಡಿಕೊಡುತ್ತದೆ. ಹೃದಯಾಘಾತದ ದಾರಿ ಇದು. ಆ ಕೋಣೆಗೆ ರಕ್ತ ತುಂಬುವ ಎಡ ಹೃತ್ಕರ್ಣ ಹಿಗ್ಗಿ ಬಡಿತ ತಾಳ ತಪ್ಪಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವೂ ಆಗಬಹುದು.

ನನ್ನ ತಂದೆಯೂ ಅಂಕಿ ಇಳಿಯಿತೆಂದು ಮಾತ್ರೆ ಬಿಟ್ಟವರೇ. ಕೆಲವು ವರ್ಷಗಳ ನಂತರ ಒಂದು ದಿಂಬು ಸಾಲದೆ ಎರಡು ಇಟ್ಟುಕೊಳ್ಳತೊಡಗಿದರು. ಆಮೇಲೆ ನಡುರಾತ್ರಿ ಎದ್ದು ಕಿಟಕಿಯ ಬಳಿ ಕೂರುವುದು. ವಯಸ್ಸಾಯಿತು ಎಂದುಕೊಂಡೆವು. ಮನೆಯಲ್ಲಿ ವೈದ್ಯಳಾಗಿ ನಾನೇ ಇದ್ದೆ. ಮಲಗಿದರೆ ಉಸಿರು ಕಟ್ಟುವುದು ಹೃದಯ ಸೋಲುತ್ತಿರುವ ಲಕ್ಷಣವೆಂದು ಬೇರೆಯವರ ಮನೆಯಲ್ಲಾಗಿದ್ದರೆ ತಕ್ಷಣ ಹೇಳುತ್ತಿದ್ದೆ. ಅದಕ್ಕೇ ನಿಮ್ಮಲ್ಲಿ ಒತ್ತಿ ಹೇಳುತ್ತಿದ್ದೇನೆ: ಆ 128/82 ಮಾತ್ರೆಯಿಂದ ಬಂದ ಅಂಕಿ. ಮಾತ್ರೆ ನಿಂತರೆ ಒತ್ತಡ ಮತ್ತೆ ಹಳೆಯ ಜಾಗಕ್ಕೆ ಏರುತ್ತದೆ. ಈ ವಾರವೇ ವೈದ್ಯರನ್ನು ಕಂಡು ಮಾತ್ರೆ ಮತ್ತೆ ಶುರುಮಾಡಿಸಿ. ಒತ್ತಡ ಹತೋಟಿಯಲ್ಲಿದ್ದರೆ ದಪ್ಪವಾದ ಗೋಡೆ ತಿಂಗಳುಗಳಲ್ಲಿ ತುಸು ತುಸುವೇ ತೆಳುವಾಗುವುದೂ ಉಂಟು. ಇದನ್ನು ಅವರಿಗೆ ಖಂಡಿತ ಹೇಳಿ.

ಬಿ.ಪಿ. ಮಾತ್ರೆ ಚಟ ಹಿಡಿಸುವುದಿಲ್ಲ. ತೂಕ, ಉಪ್ಪು ಇಳಿದಾಗ ಡೋಸು ಇಳಿಸುವುದೂ ಇದೆ, ಆದರೆ ಅದನ್ನು ವೈದ್ಯರು ನೋಡಿ ಮಾಡಬೇಕು. ಮಾತ್ರೆಯಿಂದ ಏನಾದರೂ ತೊಂದರೆಯಾಗಿತ್ತೇ ಎಂದು ಅವರನ್ನು ಮೆಲ್ಲಗೆ ಕೇಳಿ. ಅಮ್ಲೋಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ, ರಾಮಿಪ್ರಿಲ್ ಒಣಕೆಮ್ಮು ತರುತ್ತದೆ. ಗಂಡಸರು ಇದನ್ನು ಬಾಯಿಬಿಟ್ಟು ಹೇಳದೆ ಮಾತ್ರೆಯನ್ನೇ ಬಿಡುತ್ತಾರೆ. ಬದಲಿಸಿ ಕೊಡಲು ಬೇಕಾದಷ್ಟು ಮಾತ್ರೆಗಳಿವೆ.

ಸರ್ಪಗಂಧದ ಬೇರನ್ನು ನಾನು ಹಗುರವಾಗಿ ಕಾಣುವುದಿಲ್ಲ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದು ಜಗತ್ತಿಗೆ ತೋರಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧವನ್ನು ಬೇರ್ಪಡಿಸಲಾಯಿತು. ಅದು ನಿಜವಾಗಿ ಕೆಲಸ ಮಾಡುತ್ತದೆ, ಭಯ ಇರುವುದೂ ಅಲ್ಲಿಯೇ. ಒಂದು ತುಂಡು ಬೇರಿನಲ್ಲಿ ಎಷ್ಟು ಮದ್ದಿದೆಯೆಂದು ಮನೆಯಲ್ಲಿ ಅಳೆಯಲಾಗದು. ಹೆಚ್ಚಾದರೆ ನಾಡಿ ನಿಧಾನವಾಗುತ್ತದೆ, ಮನಸ್ಸಿಗೆ ಖಿನ್ನತೆ ಕವಿಯುತ್ತದೆ. ಮಾತ್ರೆಯ ಜೊತೆಗಂತೂ ಕೂಡದು. ತಂದುಕೊಟ್ಟವರಿಗೆ ನೊಂದುಕೊಳ್ಳದ ಹಾಗೆ ಹೇಳಿ ಹಿಂತಿರುಗಿಸಿ.

ಅಡುಗೆಮನೆ ನಿಮ್ಮ ಕೈಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲಾ ಸೇರಿ ಒಂದು ಟೀ ಚಮಚದೊಳಗೆ. ಮಲೆನಾಡಿನ ಊಟದಲ್ಲಿ ಸಾರಿನ ಉಪ್ಪಿಗಿಂತ ಭರಣಿಯ ಅಪ್ಪೆಮಿಡಿ, ಮಜ್ಜಿಗೆ ಮೆಣಸು, ಹಲಸಿನ ಹಪ್ಪಳ ಹೆಚ್ಚು ಕಾಟ ಕೊಡುತ್ತವೆ. ಪೂರ್ತಿ ಬಿಡಿಸಿದರೆ ಮನೆಯಲ್ಲಿ ಜಗಳವಾದೀತು. ಮಿಡಿಯನ್ನು ಹಬ್ಬಕ್ಕೆ, ನೆಂಟರು ಬಂದಾಗ ಎಂದು ಇಟ್ಟುಕೊಳ್ಳಿ. ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದರೆ ಅದು ಮಾತ್ರ ಹೋಗಲೇಬೇಕು.

ಮನೆಗೊಂದು ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ತನ್ನಿ. ತೋಟದಿಂದ ಬಂದ ಬಿಸಿಯಲ್ಲೇ ನೋಡಬೇಡಿ. ಕಾಫಿಯಾದ ಮೇಲೆ ಅರ್ಧ ಗಂಟೆ ಬಿಡಿ. ಐದು ನಿಮಿಷ ಬೆನ್ನು ಆನಿಸಿ, ಕಾಲು ಕೆಳಗೂರಿ, ಮಾತಾಡದೆ ಕೂರಲಿ. ತೋಳು ಹೃದಯದ ಮಟ್ಟದಲ್ಲಿರಲಿ. ಬೆಳಿಗ್ಗೆ, ಸಂಜೆ ಎರಡೆರಡು ಸಲ ನೋಡಿ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಮನೆಯಲ್ಲಿ ಸರಾಸರಿ 135/85ರ ಮೇಲಿದ್ದರೆ ಹತೋಟಿ ಸಾಲದು ಎಂದರ್ಥ. ಎದೆ ಹಿಸುಕಿದಂತಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಅಂಕಿ ನೋಡುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರಿನ ಹಾಳೆ, ಎಕೋ ರಿಪೋರ್ಟ್, ಹಳೆಯ ಮಾತ್ರೆಯ ಖಾಲಿ ಸ್ಟ್ರಿಪ್ ಒಯ್ಯಿರಿ. ಮಂಡಿನೋವಿಗೋ ಸೊಂಟನೋವಿಗೋ ಅಂಗಡಿಯಿಂದ ತಂದು ನುಂಗುವ ಮಾತ್ರೆ ಏನಾದರೂ ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡೈಕ್ಲೋಫೆನಾಕ್‌ನಂಥವು ಬಿ.ಪಿ. ಏರಿಸುತ್ತವೆ, ಕೇಳದ ಹೊರತು ಯಾರೂ ಅದರ ಮಾತೆತ್ತುವುದಿಲ್ಲ.