ಓದುವ ಯಂತ್ರಕ್ಕೆ ಕನ್ನಡ ಬರುತ್ತಾ?

ಅಂಧರಿಗಾಗಿ ರೇ ಕರ್ಜ್‌ವೈಲ್ 1976ರಲ್ಲಿ ಹೊರತಂದ ಓದುವ ಯಂತ್ರವನ್ನು ಮೇಜಿನ ಮೇಲೇ ಇಡಬೇಕಿತ್ತು. ಈಗ ಆ ಕೆಲಸವನ್ನು ಜೇಬಿನ ಫೋನೇ ಮಾಡುತ್ತೆ. ಆದರೆ ಮಸ್ಕತ್‌ನ ವಾದಿ ಕಬೀರ್‌ನಂಥ ಕಡೆ ನಮ್ಮವರ ಮನೆಯಲ್ಲಿ ಔಷಧಿ ಡಬ್ಬದ ಮೇಲೆ ಅರಬ್ಬಿ, ಇಂಗ್ಲಿಷ್. ಕಪಾಟಿನ ಪುಸ್ತಕದಲ್ಲಿ ಕನ್ನಡ. ಕಣ್ಣು ಕಾಣದ ಹಿರಿಯರಿಗೆ ಸಾಧನ ಕೊಳ್ಳುವಾಗ ನಾವು ಮೊದಲು ನೋಡಬೇಕಾದ್ದು ಕನ್ನಡವನ್ನೇ.

“ಕನ್ನಡ ಇದೆ” ಅಂದರೆ ಸಾಲದು. ಅಕ್ಷರ ಗುರುತಿಸೋದು ಒಂದು ಕೆಲಸ, ಉಚ್ಚರಿಸೋದು ಇನ್ನೊಂದು. ಉಚ್ಚಾರಣೆಗೆ ಇ-ಸ್ಪೀಕ್‌ನಂಥ ಉಚಿತ ತಂತ್ರಾಂಶದಲ್ಲೂ ಕನ್ನಡವಿದೆ, ಕೇಳೋಕೆ ಸ್ವಲ್ಪ ಒರಟು ಅಷ್ಟೇ. ಎಡವೋದು ಗುರುತಿಸುವಲ್ಲಿ. ಅರ್ಕಾವತ್ತು ನಮ್ಮ ಒಂಬತ್ತರ (೯) ಹಾಗೇ ಕಾಣುತ್ತೆ, ಅನುಸ್ವಾರ ಸೊನ್ನೆಯ (೦) ಹಾಗೆ. ‘ಸೂರ್ಯ’ ಹೋಗಿ ‘ಸೂಯ೯’ ಆದರೆ ಕೇಳಿಸೋದು “ಸೂಯ ಒಂಬತ್ತು”! ಹಾಗಾಗಿ ಕೊಳ್ಳುವ ಮುನ್ನ ಒತ್ತಕ್ಷರ ತುಂಬಿದ ಹಳೇ ಪುಸ್ತಕವೊಂದನ್ನು ಒಯ್ದು ಅದನ್ನೇ ಓದಿಸಿ ನೋಡೋಣ. ಊರಿಂದ ಬಂದ ಹಳೆಯ ನುಡಿ ಫಾಂಟಿನ ಕಡತವನ್ನಂತೂ ಯೂನಿಕೋಡ್‌ಗೆ ಬದಲಿಸದೆ ಓದಿಸೋಕಾಗಲ್ಲ.

ಬೆರಳಿಗೆ ಸಿಗುವ ಗುಂಡಿ ಬೇಕು, ನೆಟ್ ಇಲ್ಲದೆಯೂ ಓದಬೇಕು, ಅನುಮಾನ ಬಂದ ಪದವನ್ನು ಅಕ್ಷರ ಬಿಡಿಸಿ ಹೇಳಬೇಕು. ಇಯರ್‌ಫೋನ್ ಹಾಕಬಹುದಾ ಅಂತಲೂ ವಿಚಾರಿಸಿ. ಅಜ್ಜನ ಬ್ಯಾಂಕಿನ ಪತ್ರ ಮನೆಮಂದಿಗೆಲ್ಲ ಯಾಕೆ ಕೇಳಿಸಬೇಕು?