ಹಿಟ್ಟಿನ ಹುಂಜದ ಕೂಗು: ಕರಾಳ ಪ್ರಣಯಕಥನವನ್ನು ಓದುವ ಬಗೆ

‘ಡಾರ್ಕ್ ರೊಮ್ಯಾನ್ಸ್’ ಎಂಬ ಹೆಸರಿನ ಕಾದಂಬರಿಗಳನ್ನು ಇಂದಿನ ವಿದ್ಯಾರ್ಥಿಗಳು ಬಹಳವಾಗಿ ಓದುತ್ತಾರೆ. ಆದರೆ ತರಗತಿಯಲ್ಲಿ ಅವುಗಳ ಹೆಸರೆತ್ತಲು ಹಿಂಜರಿಯುತ್ತಾರೆ. ಕನ್ನಡದಲ್ಲಿ ಇವನ್ನು ಕರಾಳ ಪ್ರಣಯಕಥನಗಳೆನ್ನಬಹುದು. ಪ್ರೇಮಿಯೇ ಅಪಾಯದ ಮೂಲವಾಗಿರುವುದು, ಇಬ್ಬರ ನಡುವೆ ಬಲದ ಅಂತರ ದೊಡ್ಡದಾಗಿರುವುದು, ಸಮಾಜ ಒಪ್ಪದ ಬಯಕೆಯೇ ಕಥೆಯನ್ನು ಮುನ್ನಡೆಸುವುದು ಇವುಗಳ ಸಾಮಾನ್ಯ ಲಕ್ಷಣ. ಹೆಸರು ಹೊಸದು, ವಸ್ತು ಹಳೆಯದು. ಕನ್ನಡ ಐಚ್ಛಿಕ ವಿದ್ಯಾರ್ಥಿಗೆ ಪರಿಚಿತವಾದ ಕೃತಿಯೊಂದರಲ್ಲೇ ಈ ಪ್ರಕಾರದ ಬಹುಪಾಲು ಸಮಸ್ಯೆಗಳು ಅಡಗಿವೆ. ಅದು ಜನ್ನನ ‘ಯಶೋಧರ ಚರಿತೆ’.

ಇಂತಹ ಕಥನ ಓದುಗರನ್ನು ಹಿಡಿದಿಡುವುದು ಹೇಗೆ? ಹಿಂಸೆ ಪ್ರೇಮದ ವೇಷದಲ್ಲಿ ಬಂದಾಗ ಓದುಗರ ವಿವೇಕಕ್ಕೆ ಏನಾಗುತ್ತದೆ? ಈ ಎರಡು ಪ್ರಶ್ನೆಗಳನ್ನು ಜನ್ನನ ಕಾವ್ಯದ ಮೂಲಕ ಪರಿಶೀಲಿಸುವುದು ಪ್ರಸ್ತುತ ಪಾಠದ ಉದ್ದೇಶ.

ಕೃತಿ ಮತ್ತು ಕಥೆ

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದು ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದ ಕವಿ. ‘ಯಶೋಧರ ಚರಿತೆ’ಯ ಕಾಲ ಕ್ರಿ.ಶ. 1209. ನಾಲ್ಕು ಅವತಾರಗಳ ಈ ಕಾವ್ಯ ಬಹುತೇಕ ಕಂದಪದ್ಯಗಳಲ್ಲಿ ಸಾಗುತ್ತದೆ. ಕಥೆ ಜನ್ನನ ಸ್ವಂತದ್ದಲ್ಲ. ಸಂಸ್ಕೃತದಲ್ಲಿ ಸೋಮದೇವಸೂರಿ ಮತ್ತು ವಾದಿರಾಜ, ಅಪಭ್ರಂಶದಲ್ಲಿ ಪುಷ್ಪದಂತ ಇದನ್ನು ಮೊದಲೇ ಹೇಳಿದ್ದರು. ತಮಿಳಿನ ಐದು ಕಿರುಕಾವ್ಯಗಳಲ್ಲಿ ಒಂದಾದ ‘ಯಶೋಧರ ಕಾವಿಯಂ’ನ ವಸ್ತುವೂ ಇದೇ. ಧಾರಾಪುರಂನಂತಹ ಊರುಗಳ ಕನ್ನಡ ಮನೆಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ತಮಿಳು. ಅಲ್ಲಿಂದ ಬಂದ ವಿದ್ಯಾರ್ಥಿಗೆ ಎರಡು ಭಾಷೆಗಳ ಪಠ್ಯಗಳನ್ನು ಎದುರುಬದುರಾಗಿಟ್ಟು ಓದುವ ಅನುಕೂಲವಿದೆ. ಒಂದೇ ಕಥೆಯನ್ನು ಹಲವು ಭಾಷೆಯ ಕವಿಗಳು ಮತ್ತೆ ಮತ್ತೆ ಹೇಳಿದ್ದಾರೆಂದರೆ, ಅದರಲ್ಲಿ ಸುಲಭವಾಗಿ ಬಗೆಹರಿಯದ ತೊಡಕೊಂದು ಇರಲೇಬೇಕು.

ಕಥೆಯ ತಿರುಳು ಇದು. ಉಜ್ಜಯಿನಿಯ ಅರಸ ಯಶೋಧರ, ರಾಣಿ ಅಮೃತಮತಿ. ಅರಮನೆಯ ಬಳಿಯ ಆನೆಲಾಯದಲ್ಲಿ ಮಾವುತ ಅಷ್ಟಾವಂಕನು ಹಾಡುವ ದನಿಯನ್ನು ರಾಣಿ ಕೇಳುತ್ತಾಳೆ, ಮನಸೋಲುತ್ತಾಳೆ. ಅವನು ಕುರೂಪಿಯೆಂದು ಕೆಳದಿ ಹೇಳಿದರೂ ಅವಳ ಮನಸ್ಸು ಹಿಂದೆಗೆಯುವುದಿಲ್ಲ. ಒಂದು ರಾತ್ರಿ ತಡವಾಗಿ ಹೋದುದಕ್ಕೆ ಮಾವುತ ಅವಳನ್ನು ಹೊಡೆಯುತ್ತಾನೆ. ಹಿಂಬಾಲಿಸಿ ಬಂದ ಅರಸ ಅದನ್ನು ಕಾಣುತ್ತಾನೆ. ಎತ್ತಿದ ಖಡ್ಗವನ್ನು ತಡೆದುಕೊಂಡು ಹಿಂದಿರುಗಿದ ಅವನು, ಕಂಡದ್ದನ್ನು ಕೆಟ್ಟ ಕನಸೆಂದು ಮರೆಮಾಚಿ ತಾಯಿ ಚಂದ್ರಮತಿಗೆ ಹೇಳುತ್ತಾನೆ. ಕನಸಿನ ಶಾಂತಿಗಾಗಿ ಪ್ರಾಣಿಬಲಿಯಾಗಬೇಕೆಂದು ತಾಯಿ ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗ ಕೊನೆಗೆ ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಮುಂದೆ ಅಮೃತಮತಿ ತಾಯಿಮಗನಿಬ್ಬರಿಗೂ ವಿಷವಿಕ್ಕುತ್ತಾಳೆ. ಸಂಕಲ್ಪದಿಂದ ಮಾಡಿದ ಆ ಹಿಂಸೆಯ ಫಲವಾಗಿ ತಾಯಿಮಗ ಹಲವು ಪ್ರಾಣಿಜನ್ಮಗಳಲ್ಲಿ ನರಳಿ, ಕೊನೆಗೆ ಅಭಯಮತಿ ಮತ್ತು ಅಭಯರುಚಿ ಎಂಬ ಅಕ್ಕತಂಗಿಯರಂತಲ್ಲದೆ ಸೋದರ ಸೋದರಿಯರಾಗಿ ಹುಟ್ಟುತ್ತಾರೆ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದಾಗ, ಮಾರಿದತ್ತ ರಾಜನಿಗೆ ಅಭಯರುಚಿ ಹೇಳುವ ಆತ್ಮಕಥೆಯೇ ಈ ಕಾವ್ಯ.

ಕಿವಿಯಿಂದ ಹುಟ್ಟಿದ ಮೋಹ

ಕರಾಳ ಪ್ರಣಯಕಥನದ ಮೊದಲ ಕೆಲಸ ಓದುಗರನ್ನು ಬಯಕೆಯ ಒಳಗೆ ಕರೆದೊಯ್ಯುವುದು. ಹೊರಗೆ ನಿಂತು ತೀರ್ಪು ನೀಡುವ ಓದುಗರಿಗೆ ಇಂತಹ ಕಥೆ ತೆರೆದುಕೊಳ್ಳುವುದಿಲ್ಲ. ಜನ್ನ ಇದನ್ನು ಕ್ರಮದ ಜಾಣ್ಮೆಯಿಂದ ಸಾಧಿಸುತ್ತಾನೆ: ಮೊದಲು ದನಿ, ಆಮೇಲೆ ದೇಹ. ಮಾವುತನ ರೂಪ ತಿಳಿಯುವ ಮೊದಲೇ ರಾಣಿ ಅವನ ಹಾಡಿಗೆ ವಶಳಾಗಿರುತ್ತಾಳೆ. ಓದುಗರ ಸ್ಥಿತಿಯೂ ಅದೇ. ಅವನ ಕುರೂಪವನ್ನು ಮೊದಲು ವರ್ಣಿಸಿ ಆಮೇಲೆ ಹಾಡನ್ನು ತಂದಿದ್ದರೆ ಅಮೃತಮತಿಯ ಮೋಹ ವಿಕೃತಿಯಾಗಿ ಮಾತ್ರ ತೋರುತ್ತಿತ್ತು. ದನಿಯಿಂದ ಆರಂಭಿಸಿದ್ದರಿಂದ ಅದು ಯಾರಿಗೂ ಸಂಭವಿಸಬಹುದಾದ ಘಟನೆಯಾಗುತ್ತದೆ.

ಎರಡನೆಯ ಕೆಲಸ, ಓದುಗರ ವಿವೇಕಕ್ಕೂ ಕಥೆಯೊಳಗೇ ಒಂದು ಜಾಗ ಕೊಡುವುದು. ಆ ಜಾಗದಲ್ಲಿ ಕೆಳದಿ ಇದ್ದಾಳೆ. ಅವಳು ಮಾವುತನನ್ನು ಕಂಡು ಬಂದು, ಕಂಡದ್ದನ್ನು ಕಂಡಂತೆಯೇ ಹೇಳುತ್ತಾಳೆ. ಅವಳ ಹೇಸಿಕೆ ಓದುಗರ ಹೇಸಿಕೆಯೂ ಹೌದು. ಆದರೆ ಒಲವಿಗೆ ಚೆಲುವಿನ ಲೆಕ್ಕ ಬೇಕಿಲ್ಲವೆಂಬ ರಾಣಿಯ ಮರುಮಾತಿನ ಮುಂದೆ ಕೆಳದಿಯ ವಿವೇಕ ನಿಲ್ಲುವುದಿಲ್ಲ. ಓದುಗರಿಗೆ ಈಗ ಎರಡು ಕಣ್ಣುಗಳು ದೊರೆತಿವೆ. ಒಂದು ರಾಣಿಯದು, ಇನ್ನೊಂದು ಕೆಳದಿಯದು. ಎರಡೂ ತೆರೆದಿರುವಷ್ಟು ಕಾಲ ಕಥೆಗೆ ಬಿಗಿ ಇರುತ್ತದೆ.

ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯಲ್ಲೂ ಇದೇ ಏರ್ಪಾಡಿದೆ. ಹೀತ್‌ಕ್ಲಿಫ್‌ನ ಉಗ್ರ ಪ್ರೇಮದ ಬಹುಭಾಗವನ್ನು ಹೇಳುವವಳು ಮನೆಯ ಕೆಲಸದಾಕೆ ನೆಲ್ಲಿ ಡೀನ್. ಅವನನ್ನು ಪ್ರಣಯನಾಯಕನೆಂದು ಬಗೆದು ಮದುವೆಯಾದ ಇಸಬೆಲ್ಲಾಳನ್ನು ಸ್ವತಃ ಹೀತ್‌ಕ್ಲಿಫ್‌ನೇ ಹಂಗಿಸುತ್ತಾನೆ. ನಾಯಕನನ್ನು ತಪ್ಪಾಗಿ ಓದುವ ಓದುಗಳೊಬ್ಬಳನ್ನು ಕಾದಂಬರಿ ತನ್ನೊಳಗೇ ಇರಿಸಿಕೊಂಡಿದೆ.

ಎರಡು ಹೊಡೆತಗಳು

ಕಾವ್ಯದ ಅತ್ಯಂತ ಕಠಿಣ ಸಂದರ್ಭ ಮಾವುತನು ರಾಣಿಯನ್ನು ಹೊಡೆಯುವುದು. ಕೂದಲು ಹಿಡಿದೆಳೆದು ಹೊಡೆದರೂ ಅವಳು ಅವನ ಕಾಲಿಗೆರಗುತ್ತಾಳೆ; ತಡವಾದುದಕ್ಕೆ ಕಾರಣ ಹೇಳುತ್ತಾಳೆ; ಅವನು ಕೈಬಿಟ್ಟರೆ ಸಾವೇ ಗತಿ ಎನ್ನುತ್ತಾಳೆ. ಇಂದಿನ ಕರಾಳ ಪ್ರಣಯಕಥನಗಳ ವಿರುದ್ಧ ಎತ್ತುವ ಮುಖ್ಯ ಆಕ್ಷೇಪ ಈ ದೃಶ್ಯಕ್ಕೂ ಅನ್ವಯಿಸುತ್ತದೆ. ಹೊಡೆತವೂ ಒಲವಿನ ಗುರುತು ಎಂದು ಕೃತಿ ಹೇಳುತ್ತಿದೆಯೇ?

ಉತ್ತರಕ್ಕಾಗಿ ಮರುದಿನದ ಸನ್ನಿವೇಶವನ್ನು ಇದರ ಪಕ್ಕದಲ್ಲಿಡಬೇಕು. ಅರಸನು ಸರಸದ ನೆವದಲ್ಲಿ ನೈದಿಲೆಯ ಹೂವಿನಿಂದ ಅವಳನ್ನು ಮೆಲ್ಲನೆ ಹೊಡೆಯುತ್ತಾನೆ. ಅಷ್ಟಕ್ಕೇ ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಇರುಳಿನ ಪೆಟ್ಟನ್ನು ತಾಳಿಕೊಂಡ ಮೈ ಹಗಲಿನ ಹೂವಿಗೆ ಕುಸಿಯುತ್ತದೆ. ಎರಡನ್ನೂ ಬಲ್ಲವರು ಇಬ್ಬರೇ: ಅರಸ ಮತ್ತು ಓದುಗರು. ಜನ್ನ ಇಲ್ಲಿ ವ್ಯಾಖ್ಯಾನಕ್ಕೆ ಹೋಗುವುದಿಲ್ಲ. ಎರಡು ಹೊಡೆತಗಳನ್ನು ಹತ್ತಿರ ಹತ್ತಿರ ಇಡುತ್ತಾನೆ. ಪೆಟ್ಟು ಪ್ರೇಮದ ಪುರಾವೆಯಾಗಿ ಉಳಿಯುವುದಿಲ್ಲ. ಒಬ್ಬಳೇ ಹೆಂಗಸು ಎರಡು ಬದುಕುಗಳಿಗೆ ಹರಿದುಹೋಗಿರುವುದರ ಗುರುತಾಗುತ್ತದೆ.

ಓದುಗರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಅಮೃತಮತಿಯ ಕಥೆಯನ್ನು ಹೇಳುತ್ತಿರುವವನು ಅವಳಿಂದ ವಿಷವುಂಡು ಸತ್ತ ಗಂಡನೇ. ಅಭಯರುಚಿಯಾಗಿ ಮರುಹುಟ್ಟು ಪಡೆದು ಹೇಳುತ್ತಿದ್ದಾನೆ. ಅವಳ ಅಂತರಂಗ ಅವಳ ಬಾಯಿಂದ ನೇರವಾಗಿ ಬರುವುದಿಲ್ಲ. ಎರಡು, ಮಾವುತನ ಕೀಳು ಸ್ಥಾನ ಮತ್ತು ವಿಕಾರ ದೇಹಗಳು ಅವನ ಕೆಡುಕಿನ ಸೂಚನೆಯಾಗಿ ಬಳಕೆಯಾಗಿವೆ. ದೇಹದ ಊನವನ್ನು ಗುಣದ ಊನಕ್ಕೆ ಸಮೀಕರಿಸುವ ಈ ಕ್ರಮವನ್ನು ಇಂದಿನ ಓದು ಪ್ರಶ್ನಿಸದೆ ಬಿಡಲಾಗದು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕ ಇದೇ ಕಥೆಯನ್ನು ರಂಗಕ್ಕೆ ತಂದಾಗ ರಾಣಿ ತನ್ನ ಮಾತನ್ನು ತಾನೇ ಆಡುವಂತಾಯಿತು.

ಒಪ್ಪಿಗೆಯ ಪ್ರಶ್ನೆ: ನಾಗಚಂದ್ರನ ರಾವಣ

ಅಮೃತಮತಿ ತಾನಾಗಿ ಬಯಸಿ ಹೋದವಳು. ಬಯಸದ ಹೆಣ್ಣನ್ನು ಸೆರೆಯಲ್ಲಿಟ್ಟ ಪ್ರೇಮಿಯ ಕಥೆ ಬೇರೆ. ಅಪಹರಣದ ವಸ್ತುವುಳ್ಳ ಇಂದಿನ ಕಾದಂಬರಿಗಳಿಗೆ ಹತ್ತಿರದ ಹಳಗನ್ನಡ ನಿದರ್ಶನ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬುದು ಅವನ ವ್ರತ. ಸೀತೆಯನ್ನು ಕಂಡು ಮನಸ್ಸು ಕದಡಿ ಅವಳನ್ನು ಅಪಹರಿಸುತ್ತಾನೆ. ಆದರೆ ವ್ರತವನ್ನು ಮುರಿಯುವುದಿಲ್ಲ. ರಾಮನ ಸಾವಿನ ಬೆದರಿಕೆ ಕೇಳಿ ಸೀತೆ ಮೂರ್ಛೆ ಹೋದಾಗ ಅವನಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ. ಅವಳನ್ನು ಹಿಂದಿರುಗಿಸಲು ಮನಸ್ಸಾದರೂ, ಮೊದಲು ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುವೆನೆಂಬ ಅಭಿಮಾನ ಅವನನ್ನು ಸಾವಿಗೆ ಒಯ್ಯುತ್ತದೆ. ಬಿ.ಎಂ.ಶ್ರೀ. ಈ ರಾವಣನನ್ನು ದುರಂತನಾಯಕನಾಗಿ ಗುರುತಿಸಿದರು.

ಇಲ್ಲಿ ಮೆಚ್ಚಬೇಕಾದ ಅಂಶ ಒಂದಿದೆ. ರಾವಣ ಬದಲಾದನೆಂಬ ಕಾರಣಕ್ಕೆ ನಾಗಚಂದ್ರ ಸೀತೆಯಿಂದ ಪ್ರೇಮವನ್ನು ಕೊಡಿಸುವುದಿಲ್ಲ. ಓದುಗರ ಅನುಕಂಪ ರಾವಣನಿಗೆ ಸಲ್ಲಬಹುದು. ಸೀತೆಯ ಒಪ್ಪಿಗೆ ಸಲ್ಲುವುದಿಲ್ಲ. ಸೆರೆಹಿಡಿದವನ ಪಶ್ಚಾತ್ತಾಪಕ್ಕೆ ಸೆರೆಯಾದವಳ ಪ್ರೇಮವನ್ನು ಬಹುಮಾನವಾಗಿ ಕೊಡುವ ಕಾದಂಬರಿಗಳನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲಂಕಾರಿಕರು ಇಂತಹ ಒಂದು ಕಡೆಯ ರತಿಯನ್ನು ಶೃಂಗಾರವೆನ್ನದೆ ರಸಾಭಾಸವೆಂದರು. ಅದಕ್ಕೆ ಅಭಿನವಗುಪ್ತ ಕೊಡುವ ಉದಾಹರಣೆಯೂ ಸೀತೆಯನ್ನು ಬಯಸಿದ ರಾವಣನೇ.

ಹಿಟ್ಟಿನದ್ದೇ ಅಲ್ಲವೇ?

ಇಂತಹ ಕಾದಂಬರಿಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಹೇಳುವ ಮಾತು: ಇದು ಕಲ್ಪನೆ, ಯಾರಿಗೂ ನೋವಾಗಿಲ್ಲ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಮಾತಿಗೆ ಆಧಾರವಿದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣದ ಪ್ರಕಾರ ಕಾವ್ಯದ ಭಾವಗಳು ‘ನನ್ನದು’, ‘ಅವನದು’ ಎಂಬ ಗಡಿಗಳನ್ನು ಕಳಚಿಕೊಳ್ಳುತ್ತವೆ. ಬದುಕಿನಲ್ಲಿ ಓಡಿಸುವ ಭಯ ಕಾವ್ಯದಲ್ಲಿ ಆಸ್ವಾದ್ಯವಾಗುವುದು ಇದರಿಂದಲೇ. ಅಮೆರಿಕದ ಒಂದು ಊರಿನ ಮಹಿಳಾ ಓದುಗರನ್ನು ಅಧ್ಯಯನ ಮಾಡಿದ ಜಾನಿಸ್ ರಾಡ್‌ವೇ ತಮ್ಮ ‘ರೀಡಿಂಗ್ ದ ರೊಮ್ಯಾನ್ಸ್’ (1984) ಗ್ರಂಥದಲ್ಲಿ ಎರಡು ಸಂಗತಿಗಳನ್ನು ತೋರಿಸಿದರು. ಆ ಮಹಿಳೆಯರಿಗೆ ಓದೆಂಬುದು ಮನೆಗೆಲಸದ ನಡುವೆ ತಮಗಾಗಿ ಉಳಿಸಿಕೊಂಡ ಸಮಯವಾಗಿತ್ತು. ಜೊತೆಗೆ, ನಾಯಕನ ಆರಂಭದ ಒರಟುತನವನ್ನು ಕೊನೆಯಲ್ಲಿ ಅಡಗಿದ್ದ ಪ್ರೇಮವೆಂದು ಮರುವ್ಯಾಖ್ಯಾನಿಸಿಕೊಳ್ಳುವ ಅಭ್ಯಾಸವೂ ಆ ಓದಿನಲ್ಲಿತ್ತು. ಮೊದಲನೆಯದು ಬಿಡುಗಡೆ, ಎರಡನೆಯದು ಅಪಾಯ. ಎರಡೂ ಒಂದೇ ಓದಿನೊಳಗೆ ಕೂಡಿಕೊಂಡಿವೆ.

ಜನ್ನನ ಹಿಟ್ಟಿನ ಹುಂಜ ಈ ಚರ್ಚೆಗೆ ಅನಿರೀಕ್ಷಿತವಾಗಿ ಒದಗುತ್ತದೆ. ಚಂದ್ರಮತಿಯ ವಾದವೂ ‘ಇದು ಬರಿಯ ಹಿಟ್ಟು’ ಎಂಬುದೇ. ರಕ್ತವಿಲ್ಲ, ಜೀವವಿಲ್ಲ, ಆದ್ದರಿಂದ ಪಾಪವೂ ಇಲ್ಲ. ಜೈನ ದೃಷ್ಟಿ ಇದನ್ನು ಒಪ್ಪುವುದಿಲ್ಲ. ಕೊಲ್ಲುವ ಸಂಕಲ್ಪವಿದ್ದರೆ ಕೈಯಲ್ಲಿದ್ದುದು ಹಿಟ್ಟೇ ಆದರೂ ಹಿಂಸೆ ನಡೆದಿದೆ. ಆದರೆ ಹುಂಜವನ್ನು ಕಡಿದ ಯಶೋಧರನಿಗೂ ಕಾವ್ಯವನ್ನು ಓದುವವರಿಗೂ ಒಂದು ಅಂತರವಿದೆ. ಅರಸ ಕಡಿದ, ಓದುಗರು ಕೂಗನ್ನು ಕೇಳಿದರು. ಕರಾಳ ಪ್ರಣಯಕಥನದ ಗುಣವನ್ನು ಅಳೆಯಬೇಕಾದದ್ದು ಇಲ್ಲಿಯೇ. ಹಿಂಸೆಯನ್ನು ಚಿತ್ರಿಸಿದೆ ಎಂಬುದು ಕೃತಿಯ ದೋಷವಲ್ಲ. ಹಿಂಸೆಗೊಳಗಾದವರ ಕೂಗು ಓದುಗರಿಗೆ ಕೇಳದಂತೆ ಮಾಡಿದರೆ ಅದು ದೋಷ. ಬಯಕೆಯ ಸೆಳೆತವನ್ನು ಪೂರ್ತಿಯಾಗಿ ಉಣಿಸಿಯೂ ಆ ಕೂಗನ್ನು ಅಡಗಿಸದ ಕೃತಿ ಗೆಲ್ಲುತ್ತದೆ.

ಈ ವಿವೇಚನೆ ಪರೀಕ್ಷೆಯ ಉತ್ತರಕ್ಕೆ ಮಾತ್ರ ಮೀಸಲಲ್ಲ. ಅನುಮಾನ, ಕಾವಲು, ಬೆದರಿಕೆ, ಪೆಟ್ಟುಗಳನ್ನು ‘ಅತಿಯಾದ ಪ್ರೀತಿ’ ಎಂದು ಕರೆಯುವ ರೂಢಿ ಕಾದಂಬರಿಯ ಹೊರಗೂ ಇದೆ. ಪುಟದಲ್ಲಿ ಅದನ್ನು ಗುರುತಿಸಲು ಕಲಿತವರಿಗೆ ಬದುಕಿನಲ್ಲಿ ಗುರುತಿಸುವುದು ಸ್ವಲ್ಪವಾದರೂ ಸುಲಭವಾದೀತು.

ಅಭ್ಯಾಸಕ್ಕೆ

ತಾವು ಓದಿದ ಯಾವುದೇ ಕರಾಳ ಪ್ರಣಯಕಥನವನ್ನು ಆರಿಸಿಕೊಂಡು ವಿದ್ಯಾರ್ಥಿಗಳು ಈ ಪ್ರಶ್ನೆಗಳಿಗೆ ಉತ್ತರ ಹುಡುಕಬಹುದು.

1. ಕಥೆಯನ್ನು ಹೇಳುವವರು ಯಾರು? ಯಾರ ಅಂತರಂಗ ನೇರವಾಗಿ ದೊರೆಯುವುದಿಲ್ಲ?
2. ಜನ್ನನ ಕೆಳದಿಯಂತೆ ಕಂಡದ್ದನ್ನು ಕಂಡಂತೆ ಹೇಳುವ ಪಾತ್ರ ಅದರಲ್ಲಿದೆಯೇ? ಕೃತಿ ಆ ಪಾತ್ರವನ್ನು ಗೌರವಿಸುತ್ತದೆಯೇ, ಅಪಹಾಸ್ಯ ಮಾಡುತ್ತದೆಯೇ?
3. ಹಿಂಸೆಯ ದೃಶ್ಯದ ಪಕ್ಕದಲ್ಲಿ ಲೇಖಕರು ಯಾವ ದೃಶ್ಯವನ್ನು ಇಟ್ಟಿದ್ದಾರೆ? ಅದರಿಂದ ಅರ್ಥ ಹೇಗೆ ಬದಲಾಗುತ್ತದೆ?
4. ನಾಯಕನ ಪಶ್ಚಾತ್ತಾಪಕ್ಕೆ ನಾಯಕಿಯ ಪ್ರೇಮ ಬಹುಮಾನವಾಗಿ ಬರುತ್ತದೆಯೇ? ನಾಗಚಂದ್ರನ ಸೀತೆಯೊಡನೆ ಹೋಲಿಸಿ.