ಹಾಡಿನ ಸಂದಿಯಲ್ಲಿ ಒಂದು ಉತ್ತರ

ಪುಟ್ಟೀ,

ಕಳೆದ ಭಾನುವಾರ ನಮ್ಮ ಮನೆಯ ಪಿಯಾನೋ ಮುಂದೆ ಕೂತು ಬ್ಲೂಸ್ ನುಡಿಸಿ, "ಮಾವ, ಹೇಗಿತ್ತು?" ಅಂತ ನೀನು ತಿರುಗಿ ಕೇಳಿದಾಗ ನಾನು ಕಾಫಿಯ ನೆಪ ಹೇಳಿ ಅಡಿಗೆಮನೆಗೆ ಹೋಗಿಬಿಟ್ಟೆ. ಹೇಳುವುದು ಬಹಳ ಇತ್ತು. ನಿಮ್ಮಮ್ಮನ ಎದುರಿಗೆ ಬೇಡ ಅನ್ನಿಸಿತು. ಈಗ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಬಲಗೈ ಹೊಲಿಗೆ ಮಷಿನ್ನಿನ ಹಾಗೆ ಓಡಿತು. ಸಿ, ಇ ಫ್ಲ್ಯಾಟ್, ಎಫ್, ಎಫ್ ಶಾರ್ಪ್, ಜಿ, ಬಿ ಫ್ಲ್ಯಾಟ್. ಬ್ಲೂಸ್ ಸ್ಕೇಲಿನ ಆರು ಸ್ವರವೂ ಮೇಲಕ್ಕೆ ಹೋಗಿ ಕೆಳಕ್ಕೆ ಬಂದವು, ಒಂದೂ ಜಾರಲಿಲ್ಲ. ಎಂಟನೇ ಗ್ರೇಡ್ ಮುಗಿಸಿದ ಬೆರಳುಗಳು, ಜಾರುವುದಾದರೂ ಹೇಗೆ? ಎಡಗೈ ಮಾತ್ರ ಒಂದೇ ಕಾರ್ಡ್ ಹಿಡಿದುಕೊಂಡು ಬಸ್ಸಿಗೆ ಕಾಯುವವರ ಹಾಗೆ ನಿಂತಿತ್ತು. ಹನ್ನೆರಡು ಬಾರ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ನನಗೆ ತಿಳಿಯಲಿಲ್ಲ. ನಿನಗೂ ತಿಳಿಯಲಿಲ್ಲ ಅಂತ ನನ್ನ ಗುಮಾನಿ.

ಆ ಸ್ಕೇಲು ಅಂಥ ದೊಡ್ಡ ಗುಟ್ಟೇನಲ್ಲ ಕಣೇ. ಎಫ್ ಶಾರ್ಪ್ ತೆಗೆದುಬಿಟ್ಟರೆ ಉಳಿಯುವುದು ನಿಮ್ಮಮ್ಮ ಹಾಡುವ ಶುದ್ಧ ಧನ್ಯಾಸಿಯ ಐದು ಸ್ವರ, ಸ ಗ ಮ ಪ ನಿ. ಆದರೆ ಬ್ಲೂಸಿನಲ್ಲಿ ಅದರ ಕೆಳಗೆ ಎಡಗೈ ಸಿ ಸೆವೆನ್ತ್ ಕಾರ್ಡ್ ಹಿಡಿದಿರುತ್ತದೆ. ಆ ಕಾರ್ಡಿನೊಳಗೆ ಇ ಇದೆ, ಅಂದರೆ ಅಂತರ ಗಾಂಧಾರ. ಮೇಲೆ ಬಲಗೈಯಲ್ಲಿ ಇ ಫ್ಲ್ಯಾಟ್, ಸಾಧಾರಣ ಗಾಂಧಾರ. ಎರಡು ಗಾಂಧಾರಗಳು ಹೀಗೆ ಒಂದರ ಮೇಲೊಂದು ಉಜ್ಜಾಡಿದರೆ ನಮ್ಮ ಸಂಗೀತದ ಮೇಷ್ಟ್ರು ಕಿವಿ ಮುಚ್ಚಿಕೊಂಡಾರು. ಬ್ಲೂಸಿನ ಜೀವ ಇರುವುದೇ ಆ ಉಜ್ಜಾಟದಲ್ಲಿ. ಎಡಗೈ ಸತ್ತುಹೋದರೆ ಬಲಗೈ ಯಾರ ಜೊತೆ ಜಗಳವಾಡಬೇಕು?

ಅದಕ್ಕೇ ಒಂದು ತಿಂಗಳು ಬಲಗೈಯನ್ನು ಮಡಿಲಲ್ಲಿ ಇಟ್ಟುಕೋ. ಎಡಗೈಯಲ್ಲಿ ಸಿ ಮತ್ತು ಜಿ ಒಟ್ಟಿಗೆ ಎರಡು ಸಲ, ಸಿ ಮತ್ತು ಎ ಒಟ್ಟಿಗೆ ಎರಡು ಸಲ, ಇಷ್ಟೇ. ನಡೆ ತಿಶ್ರದ್ದು, ಪ್ರತಿ ಪೆಟ್ಟನ್ನೂ ಮೂರಾಗಿ ಒಡೆದು ಮಧ್ಯದ್ದನ್ನು ನುಂಗಿಬಿಡು, ಶಫಲ್ ಅನ್ನುವುದು ಅದನ್ನೇ. ನಾಲ್ಕು ಬಾರ್ ಸಿ, ಎರಡು ಬಾರ್ ಎಫ್, ಮತ್ತೆರಡು ಸಿ, ಒಂದು ಜಿ, ಒಂದು ಎಫ್, ಕೊನೆಗೆ ಎರಡು ಸಿ. ಒಟ್ಟು ನಲವತ್ತೆಂಟು ಎಣಿಕೆ, ನಮ್ಮ ಆದಿತಾಳದಲ್ಲಿ ಸರಿಯಾಗಿ ಆರು ಆವರ್ತ. ಎಡಗೈ ಪಳಗಿತೋ ಇಲ್ಲವೋ ಅಂತ ತಿಳಿಯಲು ನನ್ನದೊಂದು ಪರೀಕ್ಷೆ ಇದೆ: ಅದು ಓಡುತ್ತಿರುವಾಗಲೇ "ಅಮ್ಮಾ, ಹಾಲು ಉಕ್ಕುತ್ತಿದೆ" ಅಂತ ಕೂಗಲು ಬರಬೇಕು. ಕೂಗಿದಾಗ ಕೈ ತಡವರಿಸಿದರೆ ಇನ್ನೊಂದು ವಾರ.

ಇನ್ನು ನಿಜವಾದ ವಿಷಯ. ಸೋಲೋ ಬಾರಿಸುವ ಆಸೆಯನ್ನು ಸ್ವಲ್ಪ ದಿನ ಅಟ್ಟದ ಮೇಲೆ ಹಾಕಿ, ಉತ್ತರ ಕೊಡುವುದನ್ನು ಕಲಿ. ಬ್ಲೂಸ್ ಹಾಡಿನ ಕಟ್ಟು ಗಮನಿಸಿದ್ದೀಯಾ? ಮೊದಲು ಒಂದು ಸಾಲು, ಹೆಚ್ಚುಕಡಿಮೆ ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೆ ಜವಾಬು ಹೇಳುವ ಮೂರನೆಯದು. ಒಂದೊಂದಕ್ಕೂ ನಾಲ್ಕು ಬಾರ್. ಆದರೆ ಹಾಡುವವನು ಎರಡು, ಎರಡೂವರೆ ಬಾರಿಗೇ ಮಾತು ಮುಗಿಸಿ ಸುಮ್ಮನಾಗುತ್ತಾನೆ. ಉಳಿದ ಸಂದಿ ವಾದ್ಯದ್ದು. ಮಡ್ಡಿ ವಾಟರ್ಸ್‌ನ ಶಿಕಾಗೋ ಬ್ಯಾಂಡಿನಲ್ಲಿ ಪಿಯಾನೋ ಮುಂದೆ ಕೂತು ಆ ಸಂದಿಗಳನ್ನು ಕಾಯುತ್ತಿದ್ದವನು ಓಟಿಸ್ ಸ್ಪ್ಯಾನ್. 1960ರಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಅವರು ನುಡಿಸಿದ್ದು ರೆಕಾರ್ಡ್ ಆಗಿದೆ, ಕೇಳು. ಹಾಡು ನಡೆಯುವಾಗ ಆತ ತಗ್ಗಿ ಕೂತಿರುತ್ತಾನೆ. ದನಿ ನಿಂತ ಗಳಿಗೆಗೆ ಮೇಲಿನ ಆಕ್ಟೇವಿನಲ್ಲಿ ಒಂದು ಪುಟ್ಟ ಮಾತು ಉದುರಿಸಿ ಮತ್ತೆ ತಗ್ಗುತ್ತಾನೆ. ಕಚೇರಿಯಲ್ಲಿ ಪಿಟೀಲಿನವರು ಗಾಯಕರ ಸಂಗತಿಯನ್ನು ಹಿಡಿದು ಹಿಂಬಾಲಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೀಯಲ್ಲ, ಅದರ ದಾಯಾದಿ ಇದು. ಪಕ್ಕವಾದ್ಯ ಬಂದವರಿಗೆ ಸೋಲೋ ಕಷ್ಟವಾಗುವುದಿಲ್ಲ. ಪ್ರಶ್ನೆ ಕೇಳುವ ಹಾಡುಗಾರ ಎದುರಿಗಿಲ್ಲ, ಅದನ್ನೂ ನೀನೇ ಕೇಳಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಅಭ್ಯಾಸಕ್ಕೆ ಮೂರೇ ಸ್ವರ ಕೊಡುತ್ತೇನೆ: ಸಿ, ಇ ಫ್ಲ್ಯಾಟ್, ಎಫ್. ಎಡಗೈ ನಡೆಯುತ್ತಿರಲಿ. ಮೊದಲು ಬಾಯಲ್ಲಿ ಎರಡು ಬಾರಿನಷ್ಟು ಏನಾದರೂ ಗುನುಗು, ಆಮೇಲಿನ ಎರಡು ಬಾರಿನಲ್ಲಿ ಅದನ್ನೇ ಬೆರಳಿಗೆ ತಾ. ಬಾಯಿಗೆ ಬಾರದ್ದನ್ನು ಬೆರಳು ನುಡಿಸಕೂಡದು. ಎರಡನೇ ಸಾಲಿಗೂ ಅದೇ ಮಾತು. ಕೆಳಗಿನ ಕಾರ್ಡ್ ಎಫ್‌ಗೆ ಸರಿದಿರುವುದರಿಂದ ಅದೇ ಮೂರು ಸ್ವರ ಬೇರೆ ಬಣ್ಣ ತಾಳುತ್ತವೆ, ನೀನೇನೂ ಬದಲಿಸಬೇಕಾಗಿಲ್ಲ. ಮೂರನೇ ಸಾಲಿನಲ್ಲಿ ಬೇರೆ ಏನಾದರೂ ಹೇಳಿ ಮನೆಗೆ ಬಾ.

ಪಿಯಾನೋದಲ್ಲಿ ಗಮಕ ಇಲ್ಲ ಅಂತ ಕೊರಗುತ್ತಿದ್ದೆಯಲ್ಲ, ಹಾರ್ಮೋನಿಯಂ ಮೇಲೂ ಇದೇ ದೂರು. ಗಿಟಾರಿನವನು ತಂತಿ ಎಳೆದು ಎರಡು ಗಾಂಧಾರಗಳ ನಡುವೆ ಸಿಗುವ ಜಾಗಕ್ಕೆ ಹೋಗಿಬಿಡುತ್ತಾನೆ. ನಮಗೆ ಆ ಜಾಗ ಇಲ್ಲ, ಅದರ ಭ್ರಮೆ ಇದೆ. ಇ ಫ್ಲ್ಯಾಟ್‌ನ ಕರಿ ಮನೆಯ ತುದಿಯಲ್ಲಿ ತೋರುಬೆರಳಿಟ್ಟು ಒತ್ತಿ, ಎತ್ತದೆ ಹಾಗೇ ಪಕ್ಕದ ಬಿಳಿ ಇ ಮೇಲಕ್ಕೆ ಜಾರಿಸು. ಮೆಟ್ಟಿಲಿಂದ ಕಾಲು ಜಾರಿದ ಹಾಗೆ ಇರಬೇಕು, ಇಳಿದ ಹಾಗಲ್ಲ. ಅದೇ ಹೊತ್ತಿಗೆ ಕಿರುಬೆರಳು ಮೇಲಿನ ಸಿ ಹಿಡಿದಿದ್ದರೆ, ಆಹಾ! ಕರಿಯಿಂದ ಬಿಳಿಗೆ ಜಾರಬಹುದು, ಬಿಳಿಯಿಂದ ಕರಿಗೆ ಹತ್ತಲಾಗದು. ಹಾಗಾಗಿ ಸಿ, ಜಿ, ಎಫ್ ಶ್ರುತಿಗಳು ನಮಗೆ ಸಲೀಸು. ಗಿಟಾರಿನವರು ಪ್ರಾಣ ಬಿಡುವ ಇ ಮತ್ತು ಎ ನಮಗೆ ಮುಳ್ಳು. ಚಕ್ ಬೆರಿಯ 1958ರ 'ಜಾನಿ ಬಿ. ಗುಡ್' ಬಿ ಫ್ಲ್ಯಾಟ್‌ನಲ್ಲಿದೆ, ಗಿಟಾರಿಗಿಂತ ಪಿಯಾನೋಗೆ ಒಗ್ಗುವ ಶ್ರುತಿ. ಬೆರಿ ಮೊದಲು ಸೇರಿಕೊಂಡದ್ದು ಜಾನಿ ಜಾನ್ಸನ್ ಎಂಬ ಪಿಯಾನೋದವನ ತಂಡವನ್ನು. 1952ರ ಕೊನೆಯ ರಾತ್ರಿ ಸ್ಯಾಕ್ಸೊಫೋನಿನವನಿಗೆ ಕಾಯಿಲೆಯಾಗಿ, ಅವನ ಬದಲಿಗೆ ಕರೆಸಿಕೊಂಡದ್ದು ಈ ಬೆರಿಯನ್ನು. ರಾಕ್ ಅಂದರೆ ಗಿಟಾರ್ ಅಂತ ನಿನ್ನ ಗೆಳೆಯರು ಹೇಳಿದರೆ ಇದನ್ನು ಹೇಳು.

ಸ್ವರ ಕಡಿಮೆಯಾಯಿತು ಅಂತ ಹೆದರಬೇಡ. ಶಿಕಾಗೋದಲ್ಲಿ ಜಿಮ್ಮಿ ಯಾನ್ಸಿ ಅಂತ ಒಬ್ಬನಿದ್ದ. ಹೊಟ್ಟೆಪಾಡಿಗೆ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ, ಸಂಜೆ ಪಿಯಾನೋ. ಯಾವ ಶ್ರುತಿಯಲ್ಲಿ ಶುರು ಮಾಡಿದರೂ ಕೊನೆಗೆ ಇ ಫ್ಲ್ಯಾಟ್‌ನಲ್ಲೇ ಮುಗಿಸುವುದು ಆತನ ಚಾಳಿ. ಯಾಕೆ ಅಂತ ಕೇಳಬೇಡ. ನಾಲ್ಕಾರು ಮಾತುಗಳನ್ನೇ ಹಿಂದೆಮುಂದೆ ಮಾಡಿ ಮೆಲ್ಲಗೆ ನುಡಿಸಿದವನು, ಕೇಳಿದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನನ್ನ ಪಾಡು ಹೇಳುತ್ತೇನೆ, ನಗಬೇಡ. ಕಾಲೇಜಿನ ಕೊನೇ ವರ್ಷ, ಕಿಕ್ಕಿರಿದ ಸಭಾಂಗಣ. ಸೋಲೋಗೆ ನನಗೆ ಕೊಟ್ಟದ್ದು ಎರಡು ಸುತ್ತು. ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು, ತಲೆಗೇರಿತು, ಮೂರನೆಯದಕ್ಕೆ ಹೊರಟೆ. ನಡುವೆ ಎಣಿಕೆ ತಪ್ಪಿ, ನಾನು ಎಫ್‌ನಲ್ಲಿ ಕುಣಿಯುತ್ತಿದ್ದರೆ ಬೇಸ್ ಗಿಟಾರಿನವನು ಜಿ ದಾಟಿ ಆಗಲೇ ಮನೆ ಸೇರಿದ್ದ. ಅವನು ನನ್ನ ಕಡೆ ತಿರುಗಿ "ಒಂದು!" ಅಂತ ಕನ್ನಡದಲ್ಲೇ ಕೂಗಿದ. ಮೈಕಿಗೂ ಕೇಳಿಸಿತು.

ರಾಕ್ ಬಗ್ಗೆ ಈಗಲೇ ಹೆಚ್ಚು ಹೇಳುವುದಿಲ್ಲ. ಡ್ರಮ್ಸು ಗಿಟಾರುಗಳ ಗದ್ದಲದಲ್ಲಿ ನಡುವಿನ ಸ್ವರ ಮುಳುಗಿಹೋಗುತ್ತದೆ, ಮೇಲಿನ ಎರಡು ಆಕ್ಟೇವಿಗೆ ಹತ್ತು. ಜೆರ್ರಿ ಲೀ ಲೂಯಿಸ್‌ನ ಆ ಗರ್ರನೆ ಎಳೆಯುವ ಗ್ಲಿಸಾಂಡೋಗೆ ಉಗುರಿನ ಬೆನ್ನು ಉಪಯೋಗಿಸು, ಚರ್ಮ ಉಳಿಯುತ್ತದೆ. ಆಲ್‌ಮನ್ ಬ್ರದರ್ಸ್‌ನ 1973ರ 'ಜೆಸ್ಸಿಕಾ'ದಲ್ಲಿ ಚಕ್ ಲೆವೆಲ್ ನುಡಿಸಿದ ಸೋಲೋ ನಿಧಾನವಾಗಿ ಕೇಳು; ಆಗ ಆತನಿಗೆ ಇಪ್ಪತ್ತರ ಆಸುಪಾಸು. ಬಿಸಿಲು ಬಿದ್ದ ಹಾಗಿರುವ ಆ ನುಡಿಗಳ ಹಿಂದೆ ಮೇಜರ್ ಪೆಂಟಾಟೋನಿಕ್ ಇದೆ, ಅಂದರೆ ನಮ್ಮ ಮೋಹನದ ಸ್ವರಗಳು. ಮೋಹನದ ಧೈವತವನ್ನು ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿ ಹುಟ್ಟುತ್ತದೆ ಅನ್ನುವುದನ್ನು ನಿಮ್ಮಮ್ಮನ ಬಾಯಲ್ಲೇ ಕೇಳಿ ತಿಳಿದುಕೋ, ಆಕೆಗೂ ಖುಷಿಯಾಗುತ್ತದೆ.

ಮುಂದಿನ ಭಾನುವಾರ ಬಾ. ಎಡಗೈ ಕೆಲಸ ನನಗಿರಲಿ, ನೀನು ನನ್ನ ಬಲಕ್ಕೆ ಕೂತು ಆ ಮೂರು ಸ್ವರದಲ್ಲಿ ಮಾತಾಡು. ಮಳೆ ಶುರುವಾದ ಮೇಲೆ ನಮ್ಮ ಪಿಯಾನೋದ ನಡುವಿನ ಡಿ ಒತ್ತಿದರೆ ಮೇಲೇಳುತ್ತಿಲ್ಲ. ನಿನಗೇನೂ ತೊಂದರೆಯಿಲ್ಲ ಬಿಡು, ನಾನು ಕೊಟ್ಟ ಸ್ವರಗಳಲ್ಲಿ ಡಿ ಇಲ್ಲ.

— ನಿನ್ನ ಮಾವ